ಮಿಲಿಟ್ರಿ ಮಾವನ ಬಲಗಿವಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು ಕಡೆ ಒಬ್ಬರಿದ್ದಾರೆ. ಊರಿಗೆಲ್ಲ ಅವರು ಮಿಲಿಟ್ರಿ ಮಾವ. ಹೆಸರು ಹೇಳಬಾರದು ಅಂತ ಮೊದಲೇ ಮಾತು ತಗೊಂಡಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಗುಡ್ಡದ ಬದಿಯಲ್ಲಿ ಮನೆ, ಕೆಳಗೆ ಅಡಿಕೆ ತೋಟ. ನೀವು ಹೋದ ಹೊತ್ತಿಗೆ ಜಗಲಿಯ ಕಂಬಕ್ಕೆ ಒಂದು ಕಾಲು ಒರಗಿಸಿಟ್ಟದ್ದು ಕಂಡರೆ ಹೆದರಬೇಡಿ. ಅದು ಅವರದ್ದೇ. ಮಳೆಗಾಲದಲ್ಲಿ ಬೆವರಿ, ಉಜ್ಜಿ ಹುಣ್ಣಾಗುತ್ತದೆ ಅಂತ ಮನೆಗೆ ಬಂದ ಕೂಡಲೇ ಬಿಚ್ಚಿಡುತ್ತಾರೆ. ಅದರೊಳಗೆ ಹಾಕುವ ದಪ್ಪ ಕಾಲುಚೀಲ ಮೊಮ್ಮಗಳ ಯೂನಿಫಾರ್ಮಿನ ಪಕ್ಕ ಹಗ್ಗದಲ್ಲಿ ಒಣಗುತ್ತಿರುತ್ತದೆ.

ಕಾಲು ಹೋದದ್ದು ಜಾಫ್ನಾದಲ್ಲಿ. ಕಾರ್ಗಿಲ್ ಅಂದರೆ ಈಗಿನ ಮಕ್ಕಳಿಗೂ ಗೊತ್ತು, ಜಾಫ್ನಾ ಅಂದರೆ ಅದೆಂತ ಅಂತ ಕೇಳುತ್ತಾರೆ. 1987ರ ಜುಲೈ ಕೊನೆಗೆ ಶ್ರೀಲಂಕಾದ ಜೊತೆ ಒಪ್ಪಂದ ಆಗಿ ನಮ್ಮ ಸೈನ್ಯ ಶಾಂತಿ ಕಾಪಾಡಲಿಕ್ಕೆ ಅಂತ ಅಲ್ಲಿಗೆ ಹೋಯಿತು, ಅಕ್ಟೋಬರ್ ಆಗುವಾಗ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು, 1990ರ ಮಾರ್ಚಿನಲ್ಲಿ ಪಡೆ ವಾಪಸ್ ಬರುವಾಗ ಸುಮಾರು 1,200 ಮಂದಿ ಇರಲಿಲ್ಲ. ಶಾಂತಿಪಡೆ ಅಂತ ಹೆಸರಿದ್ದದ್ದಕ್ಕೋ ಏನೋ, ನಾವು ಅದನ್ನು ಯುದ್ಧದ ಲೆಕ್ಕಕ್ಕೇ ಹಿಡಿಯಲಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಮಾವ ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ಸೈನ್ಯದ ಎಂಜಿನಿಯರಿಂಗ್ ಪಡೆಯವರು. ದಾರಿಯಲ್ಲಿ ಹೂತಿಟ್ಟ ಬಾಂಬು ಹುಡುಕಿ ತೆಗೆಯುವ ಕೆಲಸ. "ನಾನು ಎಷ್ಟೋ ತೆಗೆದೆ ಮಾರಾಯ, ಕಡೆಗೆ ಒಂದು ನನ್ನನ್ನೇ ತೆಗೆಯಿತು" ಅಂತ ನಗುತ್ತಾರೆ. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯಲ್ಲಿ ಸೈನ್ಯದ ಕೃತಕ ಅಂಗ ಕೇಂದ್ರ ಉಂಟು, 1944ರಷ್ಟು ಹಳೆಯದು. ಅಲ್ಲಿ ಕಾಲು ಹಾಕಿಸಿಕೊಂಡು, ಮಕ್ಕಳ ಹಾಗೆ ಮೊದಲಿನಿಂದ ನಡಿಗೆ ಕಲಿತು ಊರಿಗೆ ಬಂದರು.

ಆದರೆ ಹೋದದ್ದು ಕಾಲು ಮಾತ್ರ ಅಲ್ಲ. ಆ ಸ್ಫೋಟದಲ್ಲಿ ಎಡಗಿವಿಯೂ ಹೋಗಿತ್ತು. ಮೆಡಿಕಲ್ ಬೋರ್ಡಿನ ಮುಂದೆ ಡಾಕ್ಟರು "ಕಿವಿ ಹೇಗೆ?" ಅಂತ ಕೇಳಿದಾಗ ಇವರು ಎದೆ ಸೆಟೆದು "ಕೇಳುತ್ತದೆ ಸರ್" ಅಂದುಬಿಟ್ಟರು. ಸೈನಿಕನ ಹಮ್ಮು, ಅಲ್ವಾ? ಅವರೂ ಮತ್ತೆ ಕೆದಕಲಿಲ್ಲ. ಕಾಲು ಕಾಗದಕ್ಕೆ ಬಂತು, ಕಿವಿ ಬರಲೇ ಇಲ್ಲ. ಅಂಗವೈಕಲ್ಯದ ಪಿಂಚಣಿ ನಿಂತಿರುವುದು ಬೋರ್ಡು ಬರೆಯುವ ಶೇಕಡಾ ಲೆಕ್ಕದ ಮೇಲೆ. ಆಮೇಲೆ ಹತ್ತಾರು ವರ್ಷ ಕಾಗದ ಬರೆದರೂ ಆ ಕಿವಿ ಲೆಕ್ಕಕ್ಕೆ ಸಿಗಲಿಲ್ಲ.

ಈ ಕಿವಿಯ ಕಥೆ ಯಾಕೆ ಅಂದರೆ, ಅವರ ಸಮಾಜಸೇವೆ ಅಂತ ನಾವು ಏನು ಹೇಳುತ್ತೇವೋ ಅದು ಹುಟ್ಟಿದ್ದೇ ಇಲ್ಲಿಂದ.

ನಮ್ಮ ಕಡೆಯ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ನಿಮಗೆ ಗೊತ್ತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಹೀಗೆ ಹನ್ನೊಂದು ಪಂಚಾಯತುಗಳ ಮಾತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶಕ್ಕೇ ನಿಷೇಧಿಸಿತು, 2017ರ ಜನವರಿಯಲ್ಲಿ, ಅದರಿಂದ ಕಾಯಿಲೆ, ಅಂಗವೈಕಲ್ಯ ಬಂದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಕೋರ್ಟೇನೋ ಹೇಳಿತು. ಪಟ್ಟಿಯಲ್ಲಿ ಹೆಸರು ಬರಬೇಕಲ್ಲ! ಅದಕ್ಕೆ ಕ್ಯಾಂಪು, ಡಾಕ್ಟರು, ಅರ್ಜಿ. ಅರ್ಜಿ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡವೋ ತುಳುವೋ ಬಿಟ್ಟು ಬೇರೆ ಬಾರದ ಅಮ್ಮಂದಿರು ಮಗನನ್ನು ಎತ್ತಿಕೊಂಡು ಜೀಪು ಹತ್ತುತ್ತಿದ್ದರು. ಮಗ ಅಂದರೆ ಇಪ್ಪತ್ತು ವರ್ಷದವನು.

ಮಾವನಿಗೆ ಪಟ್ಟಾಳದಲ್ಲಿ ಕಲಿತ ಮಲಯಾಳ ಬರುತ್ತದೆ. ಮೊದಮೊದಲು ಸುಮ್ನೆ ಅರ್ಜಿ ತುಂಬಿಸಿ ಕೊಡುತ್ತಿದ್ದರು. ಒಂದು ದಿನ ಜೊತೆಗೇ ಕ್ಯಾಂಪಿಗೆ ಹೋದರು. ಡಾಕ್ಟರು ಕೇಳಿದರು, "ಹೇಗಿದ್ದಾನಮ್ಮ?" ಆ ಅಮ್ಮ, ಮಗನಿಗೆ ಇಸ್ತ್ರಿ ಹಾಕಿದ ಅಂಗಿ ತೊಡಿಸಿ ತಲೆ ಬಾಚಿ ಕರೆದುಕೊಂಡು ಬಂದವರು, "ಪರವಾಗಿಲ್ಲ ಡಾಕ್ಟ್ರೇ, ಚೂರು ಗುಣ ಉಂಟು" ಅಂದರು. ಮಾವನಿಗೆ ತನ್ನ ಕಿವಿ ನೆನಪಾಯಿತಂತೆ.

ಅಂದಿನಿಂದ ಅವರ ಜಗಲಿಯಲ್ಲಿ ಒಂದು ಪಾಠ ನಡೆಯುತ್ತದೆ. "ನಿನ್ನೆ ಬೆಳಗ್ಗೆ ಎದ್ದು ಎಂತ ಮಾಡಿದೆ ತಂಗೀ, ಹೇಳು." ಎಷ್ಟು ಸಲ ಎತ್ತಿದ್ದು, ಎಷ್ಟು ಸಲ ಬಟ್ಟೆ ಬದಲಿಸಿದ್ದು, ಗಂಜಿ ಕುಡಿಸಲಿಕ್ಕೆ ಎಷ್ಟು ಹೊತ್ತು, ಫಿಟ್ಸ್ ಬಂದದ್ದು ಯಾವಾಗ. ಅವರು ಹೇಳುತ್ತಾ ಹೋಗುತ್ತಾರೆ, ಮಾವ ನೋಟ್ ಪುಸ್ತಕದಲ್ಲಿ ಗಂಟೆ ಹಾಕಿ ಬರೆಯುತ್ತಾರೆ. ಸುಳ್ಳು ಒಂದಕ್ಷರ ಸೇರಿಸಲು ಬಿಡುವುದಿಲ್ಲ, ನಿಜ ಒಂದಕ್ಷರ ನುಂಗಲೂ ಬಿಡುವುದಿಲ್ಲ. ಬರೆದದ್ದನ್ನು ಓದಿ ಹೇಳುವಾಗ ಕೆಲವರು ಅಳುತ್ತಾರೆ. ತಾವು ದಿನಕ್ಕೆ ಇಷ್ಟು ಮಾಡುತ್ತೇವೆ ಅಂತ ಅವರಿಗೇ ಗೊತ್ತಿರಲಿಲ್ಲ. ಹೀಗೆ ಬರೆದುಕೊಂಡು ಹೋದವರಿಗೆಲ್ಲ ಕೆಲಸ ಆಯಿತಾ ಅಂದರೆ, ಇಲ್ಲ. ಕೆಲವರಿಗೆ ಆಯಿತು, ಕೆಲವರ ಪುಸ್ತಕ ಇನ್ನೂ ಅವರ ಬಿಸ್ಕತ್ತಿನ ಡಬ್ಬದಲ್ಲಿ ಕಾಯುತ್ತಾ ಉಂಟು.

ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಕಟ್ಟುವಾಗಲೂ ಊರವರು ಇವರನ್ನು ಕರೆಯುತ್ತಾರೆ, ಸ್ಯಾಪರ್ ಅಲ್ವಾ. ದಡದಲ್ಲಿ ಸ್ಟೂಲು ಹಾಕಿ ಕೂತು ಎಲ್ಲರಿಗೂ ಬೈಯುವುದು ಅವರ ಕೆಲಸ.

ರೇಡಿಯೋದಲ್ಲಿ ನಿಮ್ಮ ವಿಷಯ ಮಾತಾಡುತ್ತೇನೆ ಅಂದಾಗ ಮೊದಲು ಗದರಿದರು. ಮತ್ತೆ ಎಷ್ಟು ಗಂಟೆಗೆ ಅಂತ ಕೇಳಿದರು. ಮಾವಾ, ಹೆಸರು ಹೇಳಲಿಲ್ಲ ನೋಡಿ. ರೇಡಿಯೋ ಬಲಗಿವಿಯ ಬದಿಗೆ ಇಟ್ಟುಕೊಂಡಿದ್ದೀರಿ ತಾನೇ?