ಲಾಕರ್ ಬಾಗಿಲ ಮರೆಯಲ್ಲಿ ಒಂದು ಸರ

ಇವತ್ತಿನ ವ್ಲಾಗ್‌ನಲ್ಲಿ ತಿರುಗಾಟ ಇಲ್ಲ. ಸೋಫಾ, ಒಂದು ಲೋಟ ಕಾಫಿ, ಜೊತೆಗೆ ನನಗೆ ತುಂಬಾ ಇಷ್ಟವಾದ ಒಂದು ಎಪಿಸೋಡ್. ರಕ್ತಪಿಶಾಚಿಗಳನ್ನು ಬೇಟೆಯಾಡುವ ಬಫಿ ಅನ್ನೋ ಹೈಸ್ಕೂಲ್ ಹುಡುಗಿಯ ಸೀರಿಯಲ್ ‘ಬಫಿ ದ ವ್ಯಾಂಪೈರ್ ಸ್ಲೇಯರ್’, ಅದರ ಎರಡನೇ ಸೀಸನ್‌ನ 16ನೆಯದು. ಅಮೆರಿಕದ ಟಿವಿಯಲ್ಲಿ 1998ರ ಫೆಬ್ರವರಿ 10ಕ್ಕೆ ಬಂತು, ವ್ಯಾಲೆಂಟೈನ್ಸ್ ಡೇ ವಾರದಲ್ಲೇ. ಬರೆದವರು ಮಾರ್ಟಿ ನಾಕ್ಸನ್. ನೋಡದವರಿಗೆ ಮೊದಲೇ ಹೇಳಿಬಿಡುತ್ತೇನೆ, ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ.

ಊರು ಕ್ಯಾಲಿಫೋರ್ನಿಯಾದ ಸನ್ನಿಡೇಲ್. ಕಲ್ಪನೆಯ ಊರು. ಅಲ್ಲಿ ಝಾಂಡರ್ ಅನ್ನೋ ಹುಡುಗ ಕಾರ್ಡೀಲಿಯಾಗೆ ಹೃದಯದ ಪದಕ ಇರುವ ಸರ ಕೊಡುತ್ತಾನೆ. ಅದೇ ಹೊತ್ತಿಗೆ ಅವಳು ಅವನನ್ನು ಬಿಟ್ಟುಬಿಡುತ್ತಾಳೆ. ಇವನ ಜೊತೆ ಓಡಾಡಿದ್ದಕ್ಕೆ ಗೆಳತಿಯರು ಅವಳನ್ನು ದೂರ ಇಟ್ಟಿದ್ದರು, ಅಷ್ಟೇ ಕಾರಣ. ಮರುದಿನ ಹೈಸ್ಕೂಲ್ ತುಂಬಾ ಇವನನ್ನು ನೋಡಿ ನಗು. ಸಹಪಾಠಿ ಏಮಿಗೆ ಮಾಟ ಗೊತ್ತು ಅಂತ ಇವನು ಕಂಡುಕೊಂಡಿರುತ್ತಾನೆ. ಅವಳನ್ನು ಬೆದರಿಸಿ ವಶೀಕರಣ ಮಾಡು ಅನ್ನುತ್ತಾನೆ. ಪ್ರೀತಿ ಬೇಕು ಅಂತಲ್ಲ. ಕಾರ್ಡೀಲಿಯಾ ತನಗಾಗಿ ಹಂಬಲಿಸಬೇಕು, ಆಮೇಲೆ ತಾನೇ ಅವಳನ್ನು ಬಿಡಬೇಕು.

ಮಾಟಕ್ಕೆ ಅವಳ ವಸ್ತು ಒಂದು ಬೇಕು. ಹೋಗಿ ಸರ ವಾಪಸ್ ಕೇಳುತ್ತಾನೆ. ಈ ದೃಶ್ಯವನ್ನು ಗಮನಿಸಿ ನೋಡಿ. ಲಾಕರ್‌ನಲ್ಲಿದೆ ಅಂತ ಅವಳು ಬಾಗಿಲು ತೆರೆಯುತ್ತಾಳೆ. ಆ ಬಾಗಿಲ ಮರೆಯಲ್ಲಿ, ಕಾಲರ್ ಒಳಗಿಂದ ಸರ ಬಿಚ್ಚುತ್ತಾಳೆ. ಅದು ಅವಳ ಕೊರಳಲ್ಲೇ ಇತ್ತು! ಕಾರ್ಡೀಲಿಯಾ ಪಾತ್ರ ಮಾಡಿದ ಕ್ಯಾರಿಸ್ಮಾ ಕಾರ್ಪೆಂಟರ್ ಮುಖದಲ್ಲೇ ಎಲ್ಲಾ ಹೇಳಿಬಿಡುತ್ತಾರೆ. ಅವನಿಗೆ ಮಾತ್ರ ಏನೂ ಕಾಣುವುದಿಲ್ಲ.

ಏಮಿ ಡಯಾನಾ ದೇವತೆಯನ್ನು ಕರೆಯುತ್ತಾಳೆ. ಆ ಹುಡುಗಿಗೆ ನಿದ್ದೆ ಬರದಿರಲಿ, ನೆಮ್ಮದಿ ಸಿಗದಿರಲಿ, ಇವನ ಇಚ್ಛೆಗೆ ಮಣಿಯುವ ತನಕ. ಇದು ಶಾಪ ಅಲ್ವಾ? ಮಂತ್ರ ಆಮೇಲೆ ಕೆಟ್ಟಿತು ಅಂತ ನನಗೆ ಅನ್ನಿಸುವುದೇ ಇಲ್ಲ. ಕೇಳಿದ್ದೇ ಕೆಟ್ಟದ್ದು.

ಕಾರ್ಡೀಲಿಯಾಗೆ ಮಾತ್ರ ಏನೂ ಆಗುವುದಿಲ್ಲ. ಉಳಿದ ಹೆಂಗಸರೆಲ್ಲಾ ಝಾಂಡರ್ ಹಿಂದೆ ಬೀಳುತ್ತಾರೆ. ಬಫಿ, ಏಮಿ, ಟೀಚರ್ ಜೆನ್ನಿ, ಬಫಿಯ ಅಮ್ಮ, ಕೊನೆಗೆ ಡ್ರುಸಿಲ್ಲಾ ಅನ್ನೋ ರಕ್ತಪಿಶಾಚಿ ಕೂಡ. ಹೊಟ್ಟೆಕಿಚ್ಚಿನಲ್ಲಿ ಏಮಿ ಬಫಿಯನ್ನು ಇಲಿ ಮಾಡಿಬಿಡುತ್ತಾಳೆ. ಬಫಿ ಪಾತ್ರದ ಸಾರಾ ಮಿಷೆಲ್ ಗೆಲ್ಲರ್ ಆಗ ‘ಸ್ಯಾಟರ್ಡೇ ನೈಟ್ ಲೈವ್’ ಅನ್ನೋ ಕಾಮಿಡಿ ಶೋ ನಡೆಸಿಕೊಡಲು ಹೋಗಬೇಕಿತ್ತು, ಇಲಿ ಬಂದದ್ದು ಅದಕ್ಕೇ. ಬಫಿ ತಾನಾಗಿ ಹತ್ತಿರ ಬಂದಾಗ ಝಾಂಡರ್ ಹಿಂದೆ ಸರಿಯುತ್ತಾನೆ, ಅದನ್ನು ಒಪ್ಪಲೇಬೇಕು. ಇದು ಅವಳ ಮನಸ್ಸಲ್ಲ ಅಂತ ಅವನಿಗೆ ಗೊತ್ತು. ಆದರೂ ಸ್ಕೂಲಿನ ಲೈಬ್ರರಿಯನ್, ಬಫಿಯ ಮಾರ್ಗದರ್ಶಕ ಜೈಲ್ಸ್ ಈ ಮಾಟದ ವಿಷಯಕ್ಕೆ ಅವನ ಮೇಲೆ ಸಿಟ್ಟಾಗುವಾಗ ನಾನು ಜೈಲ್ಸ್ ಪರ.

ನನ್ನ ಸಂಕಟ ಇರುವುದು ವಿಲ್ಲೋ ಬಗ್ಗೆ. ಝಾಂಡರ್ ಅವಳ ಚಿಕ್ಕಂದಿನ ಗೆಳೆಯ. ಅವನ ಮೇಲೆ ಅವಳಿಗಿದ್ದ ಪ್ರೀತಿ ನಿಜವಾದದ್ದು, ಎಷ್ಟೋ ದಿನ ಬಾಯಿಬಿಡದೆ ಇಟ್ಟುಕೊಂಡದ್ದು. ಮಂತ್ರ ಅದನ್ನೇ ಎಳೆದು ತಿರುಚಿ, ಅವಳ ಕೈಗೆ ಕೊಡಲಿ ಕೊಟ್ಟು ಅವನ ಹಿಂದೆ ಓಡಿಸುತ್ತದೆ. ನೋಡಿದರೆ ಕರುಳು ಹಿಂಡುತ್ತದೆ. ಎಲ್ಲಾ ಸರಿಹೋದ ಮೇಲೆ ಬಫಿ ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ, ಕಾರ್ಡೀಲಿಯಾ ಗೆಳತಿಯರೆದುರೇ ಅವನ ಕೈ ಹಿಡಿಯುತ್ತಾಳೆ. ಆ ಕೊನೆ ನನಗೆ ಈಗಲೂ ಖುಷಿ ಕೊಡುತ್ತದೆ. ವಿಲ್ಲೋ ಅವನ ಜೊತೆ ಮಾತು ಬಿಟ್ಟಿದ್ದಾಳೆ ಅಂತ ಮಾತ್ರ ಸುಮ್ನೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅವಳಿಗೆ ಒಂದು ಇಡೀ ದೃಶ್ಯ ಸಿಗಬೇಕಿತ್ತು.

ಆರನೇ ಸೀಸನ್ ನೋಡಿದವರಿಗೆ ಇದು ಇನ್ನೂ ಜಾಸ್ತಿ ತಟ್ಟುತ್ತದೆ. ಅಲ್ಲಿ ಇದೇ ವಿಲ್ಲೋ, ಜಗಳ ಮರೆಸಲು, ತಾನು ಪ್ರೀತಿಸುವ ತಾರಾ ಮೇಲೆ ಮಂತ್ರ ಹಾಕುತ್ತಾಳೆ. ತಾರಾ ಅವಳನ್ನು ಬಿಟ್ಟು ಹೋಗುತ್ತಾಳೆ. ಅವಳು ಹೋದದ್ದೇ ಸರಿ ಅಂತ ನನ್ನ ಅಭಿಪ್ರಾಯ.