ಅಣ್ಣನಿಗೆ ನೀರು ಬಿಡಿ

ಪತ್ರೊಡೆ ಮಾಡುವವರಿಗೆ ಒಂದು ಪ್ರಶ್ನೆ. ಕೆಸುವಿನ ಎಲೆ ಎಲ್ಲಿಂದ ತರ್ತೀರಿ? ನಮ್ಮ ಮನೆಯಲ್ಲಾದರೆ ಬಚ್ಚಲಿನ ಹಿಂದಿನಿಂದ. ಯಾರೂ ನೆಟ್ಟಿದ್ದಲ್ಲ, ಯಾರೂ ಗೊಬ್ಬರ ಹಾಕಿದ್ದಲ್ಲ. ಸ್ನಾನದ ನೀರು ಹರಿಯುವ ಕಡೆ ತಾನಾಗಿ ಎದ್ದಿರುತ್ತಿತ್ತು. ಆಟಿ ತಿಂಗಳಲ್ಲಿ ಮಾತ್ರ ಅದಕ್ಕೆ ಮರ್ಯಾದೆ. ಉಳಿದಂತೆ ಅದು ಕಳೆ. ಎಲೆ ಮುಟ್ಟಿದರೆ ಕೈ ತುರಿಸುತ್ತದೆ ಅಂತ ನಾವು ಮಕ್ಕಳು ಹತ್ತಿರವೂ ಹೋಗುತ್ತಿರಲಿಲ್ಲ.

ಇದೇ ಗಿಡವನ್ನು ಅಣ್ಣ ಅನ್ನುವ ಜನ ಇದ್ದಾರೆ. ಹವಾಯಿಯಲ್ಲಿ. ಸುಮ್ನೆ ಪ್ರೀತಿಗೆ ಅನ್ನುವುದಲ್ಲ, ವಂಶದ ಲೆಕ್ಕದಲ್ಲೇ ಅಣ್ಣ.

ಅವರ ಕಥೆ ಹೀಗಿದೆ. ಆಕಾಶದ ತಂದೆ ವಾಕೆಯಾನಿಗೆ ಹುಟ್ಟಿದ ಮೊದಲ ಮಗು ಉಸಿರಾಡಲಿಲ್ಲ. ಮಣ್ಣಿಗೆ ಕೊಟ್ಟರು. ಹೂತ ಜಾಗದಲ್ಲಿ ಒಂದು ಗಿಡ ಬಂತು. ಉದ್ದ ದಂಟು, ಸ್ವಲ್ಪ ಗಾಳಿ ಬಂದರೂ ನಡುಗುವ ಎಲೆ. ಅದೇ ಕಲೊ, ನಮ್ಮ ಕೆಸು. ಆಮೇಲೆ ಹುಟ್ಟಿದ ಎರಡನೆಯ ಮಗು ಹಾಲೋವಾ, ಅವನು ಮನುಷ್ಯ. ಹವಾಯಿಯ ಮೂಲ ಜನರೆಲ್ಲ ಅವನ ಮಕ್ಕಳು, ಮೊಮ್ಮಕ್ಕಳು. ಅಣ್ಣ ಅನ್ನ ಹಾಕುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು. ಒಪ್ಪಂದ ಅಷ್ಟೇ. ಗಡ್ಡೆ ಬೇಯಿಸಿ ಜಜ್ಜಿ ಮಾಡುವ ಪೊಯ್ ಅಂತ ಒಂದು ಊಟ ಇದೆಯಲ್ಲ, ಅದರ ಬಟ್ಟಲು ತೆರೆದಿಟ್ಟಿದ್ದರೆ ಮನೆಯಲ್ಲಿ ಜಗಳ ಆಡಬಾರದು. ಹಿರಿಯ ಎದುರಿಗೇ ಕೂತಿದ್ದಾನೆ, ಅಲ್ವಾ?

ಬಾಳೆಗೆ ಕಂದು ಬರುವ ಹಾಗೆ ಕೆಸುವಿನ ಪಕ್ಕದಲ್ಲೂ ಮರಿ ಬರುತ್ತದೆ. ಆ ಮರಿಗೆ ಅವರು 'ಒಹಾ' ಅನ್ನುತ್ತಾರೆ. ಕುಟುಂಬಕ್ಕೆ 'ಒಹಾನ' ಅನ್ನುವುದು ಅಲ್ಲಿಂದ. ಕಾರ್ಟೂನ್ ನೋಡಿ ಆ ಪದ ಕಲಿತವರಿಗೆ ಅದರ ಬೇರು ಕೆಸರಿನಲ್ಲಿದೆ ಅಂತ ಗೊತ್ತಿರಲಿಕ್ಕಿಲ್ಲ.

ಮಾವಿ ದ್ವೀಪದ ಪೂರ್ವ ತುದಿಯಲ್ಲಿ ಹಾನಾ ಅಂತ ಪುಟ್ಟ ಊರಿದೆ. ಅಲ್ಲಿಗೆ ಹೋಗುವ ರಸ್ತೆಗೆ 600ಕ್ಕೂ ಹೆಚ್ಚು ತಿರುವು. ನಮ್ಮ ಆಗುಂಬೆ ಘಾಟಿ ಅದರ ಮುಂದೆ ಏನೂ ಅಲ್ಲ. 1990ರ ದಶಕದಲ್ಲಿ ಆ ಊರಿನವರು ಕೆಸುವಿಗೆ ಅಂತಲೇ ಒಂದು ಹಬ್ಬ ಶುರು ಮಾಡಿದರು. ಹಾಡು, ಹುಲಾ ಕುಣಿತ, ತಿಂಡಿ ಅಂಗಡಿ ಎಲ್ಲ ಇರುತ್ತದೆ. ಅದನ್ನು ಬಿಡಿ, ಹಾಡು ಕುಣಿತ ಇಲ್ಲದ ಹಬ್ಬ ಎಲ್ಲಿದೆ. ನನಗೆ ಮುಖ್ಯ ಅನಿಸಿದ್ದು ಜಜ್ಜುವ ಕೆಲಸ.

ಉದ್ದದ ಮರದ ಹಲಗೆ. ಅದರ ಮುಂದೆ ಕಾಲು ಚಾಚಿ ಕೂರುತ್ತಾರೆ. ಬೆಂದ ಗಡ್ಡೆಯ ಸಿಪ್ಪೆಯನ್ನು ಚಿಪ್ಪಿನಿಂದ ಕೆರೆದು ತೆಗೆದಿರುತ್ತಾರೆ. ಕೈಯಲ್ಲಿ ನಮ್ಮ ಗುಂಡುಕಲ್ಲಿನಂಥ ಕಲ್ಲು, ಹಿಡಿಯಲಿಕ್ಕೆ ಮೇಲೆ ಸಣ್ಣ ಕುತ್ತಿಗೆ. ಕಲ್ಲಿನ ತಳಕ್ಕೆ ನೀರು ಸವರಿ ಕುಟ್ಟುವುದು, ಮಡಚುವುದು, ಮತ್ತೆ ಕುಟ್ಟುವುದು. ನೀರು ಹೆಚ್ಚಾದರೆ ಹಿಟ್ಟು ಜಾರುತ್ತದೆ, ಕಡಿಮೆಯಾದರೆ ಕಲ್ಲಿಗೇ ಅಂಟುತ್ತದೆ. ಗಂಟೆಲ್ಲ ಹೋಗಿ ನುಣ್ಣಗಾದದ್ದು ಪಾಇಆಯ್. ಅದಕ್ಕೆ ನೀರು ಕಲಸಿದರೆ ಪೊಯ್.

ಪ್ರವಾಸಿಗರು ಪೊಯ್ ಅನ್ನು ಬೆರಳ ತುದಿಯಲ್ಲಿ ಮುಟ್ಟಿ, ನಾಲಿಗೆಗೆ ಇಟ್ಟು, ಅಯ್ಯೋ ಗೋಂದು ಅಂತ ಮುಖ ಹುಳ್ಳಗೆ ಮಾಡುತ್ತಾರೆ. ಸಾರಿಲ್ಲದೆ ಮುದ್ದೆ ತಿಂದು ರುಚಿಯೇ ಇಲ್ಲ ಅಂದ ಹಾಗಾಯಿತು. ಪೊಯ್ ಜೊತೆಗೆ ಉಪ್ಪು ಮೀನು ಬೇಕು, ಮಾಂಸ ಬೇಕು. ಎರಡು ದಿನ ಇಟ್ಟರೆ ಅಂಬಲಿ ಥರ ಹುಳಿ ಬರುತ್ತದೆ, ಅದನ್ನೇ ಇಷ್ಟಪಡುವವರು ಜಾಸ್ತಿ. ದೊಡ್ಡ ಹೋಟೆಲುಗಳು ಟಿಕೆಟ್ ಇಟ್ಟು ನಡೆಸುವ 'ಲೂಆವ್' ಔತಣ ಇದೆಯಲ್ಲ, ಆ ಹೆಸರೂ ಕೆಸುವಿನ ಎಲೆಯದ್ದೇ. ಎಲೆಯ ಹೆಸರು ಟಿಕೆಟ್ ಮೇಲೆ ಉಳಿಯಿತು, ಎಲೆ ತಟ್ಟೆಯ ಮೂಲೆಗೆ ಹೋಯಿತು.

ಈಗ ನನ್ನ ಮಾತಿಗೆ ಬರುತ್ತೇನೆ. ಇಂಥ ಹಬ್ಬ ನೋಡಿದಾಗ ಕೆಲವರು ಹಳೆಯ ನೆನಪು, ಚೆನ್ನಾಗಿದೆ ಅಂದು ಮುಂದೆ ಹೋಗುತ್ತಾರೆ. ನನ್ನ ತಕರಾರು ಅಲ್ಲೇ. ಇದು ನೆನಪಿನ ಹಬ್ಬ ಅಲ್ಲ, ನೀರಿನ ಹಬ್ಬ.

ಕೆಸುವಿನ ಗದ್ದೆಗೆ ಅವರು ಲೋಇ ಅನ್ನುತ್ತಾರೆ. ಭತ್ತದ ಗದ್ದೆಯ ಹಾಗೆಯೇ ನೀರು ನಿಲ್ಲಬೇಕು. ಆದರೆ ಸುಮ್ಮನೆ ನಿಂತರೆ ಆಗದು, ತಣ್ಣಗೆ ಹರಿಯುತ್ತಲೇ ಇರಬೇಕು. ನೀರಿನ ಬಿಸಿ 27 ಡಿಗ್ರಿ ದಾಟಿತು ಅಂದರೆ ಗಡ್ಡೆ ಕೊಳೆಯುವ ಭಯ. ಅದಕ್ಕೇ ತೊರೆಯಿಂದ ಕಾಲುವೆ ತೆಗೆದು, ಗದ್ದೆಯಿಂದ ಗದ್ದೆಗೆ ಇಳಿಸಿ, ಕೊನೆಗೆ ನೀರನ್ನು ಮತ್ತೆ ತೊರೆಗೇ ಸೇರಿಸುತ್ತಿದ್ದರು. ತೆಗೆದುಕೊಂಡದ್ದನ್ನು ವಾಪಸು ಕೊಡುವ ಕಾಲುವೆ.

1870ರ ದಶಕದಲ್ಲಿ ಬೇರೆ ಥರದ ಕಾಲುವೆ ಬಂತು. ಪೂರ್ವ ಮಾವಿಯಲ್ಲಿ ಮಳೆ ಜಾಸ್ತಿ, ನಡುವಿನ ಬಯಲು ಒಣ. ಬಯಲಿನಲ್ಲಿ ಕಬ್ಬು ಬೆಳೆಯಲಿಕ್ಕೆ ಪೂರ್ವದ ತೊರೆಗಳ ನೀರನ್ನು ತಿರುಗಿಸಿಕೊಂಡು ಹೋದರು. ಆ ನೀರು ವಾಪಸು ಬರಲಿಲ್ಲ. ಕೆಳಗೆ ಕೆಸು ಬೆಳೆಯುವವರ ಪಾಡು ಏನಾಯಿತು ಅಂತ ನಮ್ಮ ಕಾಲುವೆಯ ಕೊನೆಭಾಗದ ರೈತರಿಗೆ ವಿವರಿಸಬೇಕಿಲ್ಲ. 2001ರಲ್ಲಿ 27 ತೊರೆಗಳಿಗೆ ನೀರು ಬಿಡಿ ಅಂತ ರಾಜ್ಯದ ಜಲ ಆಯೋಗಕ್ಕೆ ಅರ್ಜಿ ಹೋಯಿತು. ತೀರ್ಪು ಬಂದದ್ದು 2018ರಲ್ಲಿ. ಅಷ್ಟರಲ್ಲಿ ಕಬ್ಬಿನ ಕಂಪನಿಯೇ ಬಾಗಿಲು ಹಾಕಿತ್ತು, 2016ರ ಕೊನೆಗೆ ಕೊನೆಯ ಕಟಾವು ಆಗಿತ್ತು. ಕಬ್ಬು ಇಲ್ಲದಾದ ಮೇಲೆ ಕೆಸುವಿಗೆ ನೀರು! ಗೆದ್ದರು ಅನ್ನಬೇಕೋ, ಕಾದು ಕಾದು ಪಡೆದರು ಅನ್ನಬೇಕೋ, ನೀವೇ ಹೇಳಿ.

ಇಷ್ಟು ವರ್ಷ ಕಾಯಲಿಕ್ಕೆ ಬೀಜ ಉಳಿದಿರಬೇಕಲ್ಲ. ಕೆಸುವಿಗೆ ಬೀಜ ಬಿತ್ತುವುದಿಲ್ಲ. ಗಡ್ಡೆ ಕಿತ್ತಾಗ ಮೇಲಿನ ತೆಳು ಬಿಲ್ಲೆಯನ್ನು ದಂಟಿನ ಜೊತೆ ಕತ್ತರಿಸಿ, ಎಲೆ ಸವರಿ, ಮತ್ತೆ ಕೆಸರಿಗೆ ಊರುತ್ತಾರೆ. ಅದು ಹುಲಿ. (ನಮ್ಮ ಹುಲಿ ಅಲ್ಲ.) ಒಂದು ವರ್ಷ ಹೆಚ್ಚುಕಡಿಮೆ ಆದ ಮೇಲೆ ಅದೂ ಗಡ್ಡೆ ಕೊಡುತ್ತದೆ, ಅದರ ತಲೆಯೂ ಮತ್ತೆ ಮಣ್ಣಿಗೆ. ಅಂದರೆ ಇವತ್ತು ಹಾನಾದಲ್ಲಿ ಒಂದು ಮಗು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಊರುವ ಹುಲಿ, ಒಂದು ಕಾಲದಲ್ಲಿ ದೋಣಿಯಲ್ಲಿ ಸಮುದ್ರ ದಾಟಿ ಬಂದ ಗಿಡದ ತುಂಡೇ ಆಗಿರಬಹುದು. ಗದ್ದೆ ಒಣಗಲಿಕ್ಕೆ ಬಿಟ್ಟರೆ ಆ ಎಳೆ ಅಲ್ಲಿಗೆ ಕಡಿಯುತ್ತದೆ. ನೂರಾರು ತಳಿಗಳಿದ್ದ ಕಡೆ ಈಗ ಉಳಿದಿರುವುದು ಸ್ವಲ್ಪ.

ಹೊನೊಲುಲುವಿನಲ್ಲಿ ಇನ್ನೊಂದು ಪದ್ಧತಿ ಬೆಳೆದಿದೆ. ಜನವರಿಯಲ್ಲಿ ಶಾಸನಸಭೆ ಶುರುವಾಗುವ ದಿನ ಜನ ಹಲಗೆ, ಕಲ್ಲು, ಬೆಂದ ಗಡ್ಡೆ ಹೊತ್ತುಕೊಂಡು ಸಭೆಯ ಅಂಗಳಕ್ಕೇ ಬರುತ್ತಾರೆ. ಸಾಲಾಗಿ ಕೂತು ಕುಟ್ಟುತ್ತಾರೆ. ಕೈಯಲ್ಲಿ ಜಜ್ಜಿದ ಪೊಯ್ ಮಾರುವುದಕ್ಕೆ ಆರೋಗ್ಯ ಇಲಾಖೆಯ ನಿಯಮ ಅಡ್ಡ ಬಂದಿತ್ತು, ಮರದ ಹಲಗೆ ಶುಚಿ ಅಲ್ಲ ಅಂತ. 2011ರಲ್ಲಿ ಅದಕ್ಕೂ ಒಂದು ಕಾನೂನು ಮಾಡಿಸಿದರು.

ಬಟ್ಟಲು ತೆರೆದಿದ್ದಾಗ ಜಗಳ ಆಡಬಾರದು ಅಂದೆನಲ್ಲ. ಇವರು ಬಟ್ಟಲನ್ನೇ ಜಗಳ ನಡೆಯುವ ಜಾಗಕ್ಕೆ ತಂದಿಟ್ಟರು. ಒಳಗೆ ಹೋಗುವವರಿಗೆ ಮೊದಲು ಒಂದು ತುತ್ತು, ಬೇಡ ಅನ್ನುವ ಹಾಗಿಲ್ಲ.