ಚಿತ್ರ ಕಾಣ್ತಿಲ್ಲ, ಹಾಡು ಬರ್ತಿಲ್ಲ: ಹಳೆಯ ವೆಬ್‌ಸೈಟ್ ರಿಪೇರಿ

[ಸ್ಕ್ರೀನ್: ಬೂದು ಬಣ್ಣದ ಹಳೆಯ ವೆಬ್‌ಪುಟ. ಫೋಟೋ ಇರಬೇಕಾದ ಕಡೆ ಒಡೆದ ಚಿತ್ರದ ಐಕಾನ್.]

ನಮಸ್ಕಾರ. 1990ರ ದಶಕದಲ್ಲಿ ವೆಬ್‌ಸೈಟ್ ಮಾಡಿದವರಿಗೆ ಈ ಐಕಾನ್ ಚೆನ್ನಾಗಿ ಗೊತ್ತು. ಮಾಡಿದವರ ಕಂಪ್ಯೂಟರಿನಲ್ಲಿ ಫೋಟೋ ಬರುತ್ತದೆ, ಬೇರೆ ಯಾರಿಗೂ ಬರುವುದಿಲ್ಲ. ಬೈಸಿಕೊಳ್ಳುತ್ತಿದ್ದದ್ದು ಪಾಪ, ಬ್ರೌಸರ್. ಎಡವಟ್ಟು ಆಗುತ್ತಿದ್ದದ್ದು ಮಾತ್ರ ಬಹಳ ಸಲ ಫೈಲ್ ಹಾದು ಬಂದ ದಾರಿಯಲ್ಲಿ. ಹಳೆಯ ಸೈಟೊಂದನ್ನು ಇವತ್ತು ಮತ್ತೆ ಎಬ್ಬಿಸಲು ಹೊರಟವರಿಗೂ ಕಾಡುವುದು ಇದೇ ಎಡವಟ್ಟುಗಳು.

ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಪುಟವನ್ನು ಬಿಡಿ. ಚಿತ್ರದ ವಿಳಾಸವನ್ನಷ್ಟೇ ಬ್ರೌಸರಿನಲ್ಲಿ ಹಾಕಿ ತೆರೆಯಿರಿ. 404, ಅಂದರೆ 'ಸಿಗಲಿಲ್ಲ' ಎಂಬ ಸಂದೇಶ, ಬಂತಾ? ವಿಳಾಸ ತಪ್ಪು. ಅರ್ಧ ಚಿತ್ರ ಬಂದು ಕೆಳಗೆಲ್ಲ ಬಣ್ಣ ಕಲಸಿಹೋಗಿದೆಯಾ? ಫೈಲೇ ಕೆಟ್ಟಿದೆ. ಪರದೆ ತುಂಬ ಅರ್ಥವಿಲ್ಲದ ಅಕ್ಷರ ಬಂತಾ? ಸರ್ವರ್ ಏನೋ ತಪ್ಪು ಹೇಳಿದೆ.

ವಿಳಾಸದ ತಪ್ಪು ಬೇಗ ಮುಗಿಯುತ್ತದೆ. ಪುಟ ಬರೆದದ್ದು ವಿಂಡೋಸ್‌ನಲ್ಲಿ, ಇಟ್ಟದ್ದು ಯೂನಿಕ್ಸ್ ಸರ್ವರಿನಲ್ಲಿ. ಫೈಲ್ ಹೆಸರಿನಲ್ಲಿ ಅಕ್ಷರ ಕ್ಯಾಪಿಟಲ್ ಇರಲಿ, ಸ್ಮಾಲ್ ಇರಲಿ, ವಿಂಡೋಸ್‌ಗೆ ಎರಡೂ ಒಂದೇ. ಯೂನಿಕ್ಸ್‌ಗೆ ಅವು ಬೇರೆ ಬೇರೆ ಫೈಲ್. ಇನ್ನೂ ತಮಾಷೆ ಅಂದ್ರೆ, ಕೆಲವು ಪುಟಗಳಲ್ಲಿ ಫೋಟೋದ ವಿಳಾಸ ಸಿ ಡ್ರೈವ್ ಸಮೇತ ಬರೆದಿರುತ್ತಿತ್ತು. ಮಾಡಿದವರಿಗೆ ಕಾಣದೆ ಏನು, ಫೈಲ್ ಅವರ ಡಿಸ್ಕಿನಲ್ಲೇ ಇದೆಯಲ್ಲ!

[ಸ್ಕ್ರೀನ್: ಎಫ್‌ಟಿಪಿ ಕಿಟಕಿ. ಎರಡು ಆಯ್ಕೆ: ಆಸ್ಕಿ, ಬೈನರಿ.]

ಎರಡನೆಯ ಎಡವಟ್ಟು, ಅಂದರೆ ಫೈಲೇ ಕೆಡುವುದು, ನನಗೆ ತುಂಬ ಇಷ್ಟ. ಆಗ ಫೈಲ್ ಕಳಿಸಲು ಎಫ್‌ಟಿಪಿ ಬಳಸುತ್ತಿದ್ದರು. ಅದರಲ್ಲಿ ಆಸ್ಕಿ ಮೋಡ್ ಅಂತ ಒಂದಿದೆ, ಬರೀ ಪಠ್ಯಕ್ಕಾಗಿ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಬೈಟ್ ಇಡುತ್ತದೆ. ಯೂನಿಕ್ಸ್‌ಗೆ 10 ಒಂದೇ ಸಾಕು. ಹಾಗಾಗಿ ಈ ಮೋಡ್‌ನಲ್ಲಿ ದಾರಿಯಲ್ಲೇ 13 ಕಿತ್ತುಹೋಗುತ್ತದೆ. ಪಠ್ಯಕ್ಕೆ ಇದರಿಂದ ಉಪಕಾರ. ಆದರೆ ಫೋಟೋದ ಒಳಗೂ 13, 10 ಅಕ್ಕಪಕ್ಕ ಬರಬಹುದು, ಅಲ್ವಾ? ಅಲ್ಲಿ ಒಂದು ಬೈಟ್ ಹೋದರೆ ಮುಂದಿನದ್ದೆಲ್ಲ ಜರುಗುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಎರಡು ಬೈಟ್ ಸೇರಿದರೆ 65,536 ಬಗೆಯ ಜೋಡಿ ಸಾಧ್ಯ. ಅಂದರೆ ಈ ಜೋಡಿ ಸರಾಸರಿ 64 ಕೆಬಿಗೆ ಒಮ್ಮೆ ಸಿಗಬಹುದು. ಅದಕ್ಕೇ ಪುಟ್ಟ ಬಟನ್‌ಗಳೆಲ್ಲ ಸರಿಯಾಗಿ ಬಂದು, ದೊಡ್ಡ ಫೋಟೋ ಮಾತ್ರ ಕೆಡುತ್ತಿತ್ತು. ಜನ ಫೋಟೋವನ್ನೇ ಅನುಮಾನಿಸಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಿದ್ದರು. ಎರಡೂ ಕಡೆ ಫೈಲಿನ ಗಾತ್ರ ಹೋಲಿಸಿದ್ದರೆ ಸಾಕಿತ್ತು. ಒಂದು ಬೈಟ್ ಕಡಿಮೆ ಇದ್ದರೂ, ಏನನ್ನೂ ಬದಲಿಸದೆ ಕಳಿಸುವ ಬೈನರಿ ಮೋಡ್‌ನಲ್ಲಿ ಮತ್ತೆ ಕಳಿಸಬೇಕು.

[ಸ್ಕ್ರೀನ್: 137 80 78 71 13 10 26 10]

1996ರಲ್ಲಿ ಬಂದ ಪಿಎನ್‌ಜಿ ಎಂಬ ಬಗೆಯ ಚಿತ್ರಗಳೆಲ್ಲ ಶುರುವಾಗುವುದು ಈ ಎಂಟು ಬೈಟ್‌ಗಳಿಂದ. ನಡುವೆ 13, 10 ಇದೆ, ಕೊನೆಗೆ ಇನ್ನೊಂದು 10. ಬೇಕಂತಲೇ ಇಟ್ಟದ್ದು. ಯಾವ ದಿಕ್ಕಿನಲ್ಲಿ ಸಾಲಿನ ಕೊನೆ ಬದಲಾದರೂ ಈ ಎಂಟರಲ್ಲೇ ಸಿಕ್ಕಿಬೀಳುತ್ತದೆ. ಎಂಥಾ ತಲೆ, ನೋಡಿ!

ಇನ್ನು ಅರ್ಥವಿಲ್ಲದ ಅಕ್ಷರಗಳ ಕಥೆ. ಸರ್ವರ್ ಪ್ರತಿ ಫೈಲಿನ ಜೊತೆ ಇದು ಯಾವ ಜಾತಿಯ ಫೈಲ್ ಅಂತ ಒಂದು ಚೀಟಿ ಕಳಿಸುತ್ತದೆ. ಇದೇ ಮೈಮ್ ಟೈಪ್. ಆನಿಮೇಷನ್‌ನ ಫ್ಲ್ಯಾಶ್, ಧ್ವನಿಯ ರಿಯಲ್‌ಆಡಿಯೋ ಫೈಲ್‌ಗಳು ಹೊಸದಾಗಿ ಬಂದಾಗ ಎಷ್ಟೋ ಸರ್ವರ್‌ಗಳ ಪಟ್ಟಿಯಲ್ಲಿ ಅವು ಇರಲೇ ಇಲ್ಲ. ಗೊತ್ತಿಲ್ಲದ ಫೈಲ್ ಬಂದರೆ ಅಪಾಚೆ ಸರ್ವರ್ ಸಾಮಾನ್ಯವಾಗಿ 'ಇದು ಪಠ್ಯ' ಅಂತ ಬರೆದು ಕಳಿಸುತ್ತಿತ್ತು. ಆಗಿನ ಬ್ರೌಸರ್ ನೆಟ್‌ಸ್ಕೇಪ್ ಅದನ್ನು ನಂಬಿ ಪಠ್ಯವಾಗಿಯೇ ತೋರಿಸುತ್ತಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಚೀಟಿ ಏನೇ ಹೇಳಲಿ, ಎಷ್ಟೋ ಸಲ ಫೈಲಿನ ಒಳಗೆ ಇಣುಕಿ ತಾನೇ ತೀರ್ಮಾನಿಸುತ್ತಿತ್ತು. ಜಾಣತನವೇ, ಆದರೆ ಎಕ್ಸ್‌ಪ್ಲೋರರ್ ಬಳಸುವ ಸೈಟ್ ಮಾಲೀಕರಿಗೆ ತಪ್ಪು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಪರಿಹಾರ ಒಂದೇ ಸಾಲು: ಅಪಾಚೆಯ ಸೆಟ್ಟಿಂಗ್ ಬರೆಯುವ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಆಡ್‌ಟೈಪ್ ಅಂತ ಬರೆದು ಜಾತಿ ತಿಳಿಸುವುದು.

ಇಡೀ ಪುಟವೇ ಖಾಲಿ ಬಂದರೆ? ನೆಟ್‌ಸ್ಕೇಪ್ 4 ಆದರೆ, ಟೇಬಲ್ ಮುಗಿಸುವ ಟ್ಯಾಗ್ ಬಿಟ್ಟುಹೋಗಿದೆಯಾ ನೋಡಿ. ಅದೊಂದು ಇಲ್ಲದಿದ್ದರೆ ಟೇಬಲ್ಲನ್ನೇ ತೋರಿಸುತ್ತಿರಲಿಲ್ಲ. ಆಗ ಪುಟದ ವಿನ್ಯಾಸವೆಲ್ಲ ಟೇಬಲ್ ಒಳಗೇ ಇರುತ್ತಿತ್ತು. ಇನ್ನು ಚಿತ್ರ ಮುದ್ರಣಕ್ಕೆ ಅಂತ ಸಿಎಂವೈಕೆ ಎಂಬ ಶಾಯಿ ಬಣ್ಣಗಳಲ್ಲಿ ಉಳಿಸಿದ ಜೆಪೆಗ್ ಆದರೆ ಪರದೆಯ ಬಣ್ಣಗಳಾದ ಆರ್‌ಜಿಬಿಗೆ ಬದಲಿಸಿಬಿಡಿ, ಜಾಸ್ತಿ ಯೋಚಿಸಬೇಡಿ.

[ಸ್ಕ್ರೀನ್: ನೋಟ್‌ಪ್ಯಾಡ್‌ನಲ್ಲಿ ತೆರೆದ ಫೈಲ್. ಒಳಗೆ ಒಂದೇ ಸಾಲು.]

ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿ ಬೆಂಬಲ ನಿಂತಿತು. ಆದರೂ ಫ್ಲ್ಯಾಶ್‌ನ ಕೆಲಸವನ್ನು ಅನುಕರಿಸುವ ರಫಲ್ ಎಂಬ ಎಮ್ಯುಲೇಟರ್‌ನಲ್ಲಿ ಹಳೆಯ ಫ್ಲ್ಯಾಶ್ ಫೈಲ್‌ಗಳು ಬಹುಪಾಲು ಓಡುತ್ತವೆ. ಎಚ್ಚರ ಬೇಕಾದದ್ದು ರಿಯಲ್‌ಆಡಿಯೋ ವಿಷಯದಲ್ಲಿ. ರಾಮ್ ಎಂದು ಕೊನೆಯಾಗುವ ಫೈಲ್ ಸಿಕ್ಕರೆ ಖುಷಿಪಡುವ ಮುಂಚೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಳಗೆ ಹಾಡಿಲ್ಲ, ಹಾಡು ಎಲ್ಲಿದೆ ಎಂಬ ವಿಳಾಸ ಇದೆ ಅಷ್ಟೇ. ನಿಜವಾದ ಧ್ವನಿ ಇರುವುದು ಆರ್‌ಎ ಅಥವಾ ಆರ್‌ಎಂ ಎಂದು ಕೊನೆಯಾಗುವ ಫೈಲಿನಲ್ಲಿ. ಅದು ಹಳೆಯ ಸಿಡಿಯಲ್ಲೋ ಬ್ಯಾಕಪ್‌ನಲ್ಲೋ ಇದೆಯಾ ಅಂತ ಮೊದಲು ಹುಡುಕಿ. ಸಿಕ್ಕರೆ ಎಫ್‌ಎಫ್‌ಎಂಪೆಗ್ ಎಂಬ ಫೈಲ್ ಬದಲಿಸುವ ತಂತ್ರಾಂಶದಿಂದ ಎಂಪಿ3 ಮಾಡಿಕೊಳ್ಳಬಹುದು.